ಮಿದುಳಿನ ಚಿತ್ರವೂ ಮನೆಯ ಹಿರಿಯನೂ

ಹಂಪೆಯ ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆ ಕೋಣೆಯೊಂದರ ಗೋಡೆಯ ಮೇಲೆ ಪೂರ್ವದಿಕ್ಕಿನ ಮಹಾಗೋಪುರದ ನೆರಳು ತಲೆಕೆಳಗಾಗಿ ಮೂಡುವುದನ್ನು ನಮ್ಮ ಸೀಮೆಯ ವಾಚಕರಲ್ಲಿ ನೋಡದವರು ವಿರಳ. ಒಂಬತ್ತು ನೆಲೆಗಳ ಆ ಗೋಪುರವು ದೂರದಲ್ಲಿ ನಿಂತಿದೆ; ನಡುವೆ ಗೋಡೆಯಿದೆ; ಗೋಡೆಯಲ್ಲಿ ಸಣ್ಣದೊಂದು ಕಿಂಡಿಯಿದೆ. ಅದರೊಳಗಿಂದ ಬಂದ ಬೆಳಕು ಕಲಶವನ್ನು ಕೆಳಕ್ಕೂ ಬುಡವನ್ನು ಮೇಲಕ್ಕೂ ಇರಿಸಿ ತೋರಿಸುವುದು. ಹಾಗೆ ತೋರಿದುದು ಸುಳ್ಳೆ? ಸುಳ್ಳಲ್ಲ, ಗೋಪುರವಿಲ್ಲದೆ ಆ ನೆರಳಿಲ್ಲ. ಹಾಗಾದರೆ ನಿಜವೆ? ಗೋಪುರವೇ ತಲೆಕೆಳಗಾಗಿದೆಯೆಂದು ಸಾಧಿಸಹೊರಟವನನ್ನು ಕಂಡು ಶಾಲೆಯ ಹುಡುಗರೂ ನಕ್ಕಾರು. ಬಿಂಬದಿಂದ ವಸ್ತುವನ್ನು ತಿಳಿಯಬೇಕಾದವನು ನಡುವೆ ಕಿಂಡಿಯೊಂದಿದೆ ಎಂಬುದನ್ನೂ, ಆ ಕಿಂಡಿಯ ಗುಣವೇನೆಂಬುದನ್ನೂ ಮೊದಲು ಅರಿತಿರಬೇಕು.

ಈ ಪೀಠಿಕೆಗೆ ಕಾರಣ ಈಚೆಗೆ ನಮ್ಮ ಊರುಗಳಲ್ಲಿಯೂ ಮನೆಮಾತಾಗಿರುವ ಮಿದುಳಿನ ಚಿತ್ರಪರೀಕ್ಷೆ. ಕಂಪ್ಲಿಯಂತಹ ಊರಿನಲ್ಲಿ ಇಂದು ಮನೆಯ ಹಿರಿಯನೊಬ್ಬನು ಒಂದೇ ಮಾತನ್ನು ಎರಡು ಬಾರಿ ಕೇಳಿದರೆ ಸಾಕು, ಜಗಲಿಯಲ್ಲಿ ಕುಳಿತವರು "ತಲೆ ಸ್ಕ್ಯಾನ್ ಮಾಡಿಸಿದಿರಾ?" ಎನ್ನುವರು. ಬಳ್ಳಾರಿಗೆ ಹೋಗುವವರುಂಟು, ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಬಾಗಿಲಲ್ಲಿ ಬೆಳಗಿನಿಂದ ಕಾಯುವವರುಂಟು. ಹಿಂದಿರುಗುವಾಗ ದೊಡ್ಡ ಚೀಲವೊಂದರಲ್ಲಿ ಕಪ್ಪು ಹಾಳೆಗಳು ಬರುವುವು. ಮನೆಯವರೆಲ್ಲರೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ಅಕ್ರೋಟದ ತಿರುಳಿನಂತಹ ಆಕಾರಗಳು ಸಾಲಾಗಿ ಕಾಣುವುವು. ತಿಳಿಯುವುದು ಏನೂ ಇಲ್ಲ. ಆದರೂ ಆ ಗಳಿಗೆಯಿಂದ ಮನೆಯಲ್ಲಿ ಏನೋ ಬದಲಾಗುವುದು. ಆ ಬದಲಾವಣೆಯೇ ಈ ಲೇಖನದ ವಿಷಯ. ಚಿತ್ರದಿಂದ ನಮಗೆ ಸಿಕ್ಕುವ ಜ್ಞಾನವು ಎಂತಹದು ಎಂಬುದು ಒಂದು ಪ್ರಶ್ನೆ. ಆ ಜ್ಞಾನವು ಮೊದಲು ಯಾರಿಗೆ ಸಲ್ಲತಕ್ಕದ್ದು ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಭಾರವಾದುದು. ಆದರೆ ಮೊದಲನೆಯದನ್ನು ಬಿಡಿಸದೆ ಎರಡನೆಯದಕ್ಕೆ ಕೈಹಾಕಲಾಗದು.

ಬಹುಕಾಲ ತಲೆಬುರುಡೆಯು ವೈದ್ಯರಿಗೆ ಬೀಗ ಹಾಕಿದ ಪೆಟ್ಟಿಗೆಯಾಗಿತ್ತು. ಜರ್ಮನಿಯ ಆಲ್‌ಝೈಮರ್ ವೈದ್ಯರು 1901ರಲ್ಲಿ ಮರೆವಿನಿಂದ ನರಳುತ್ತಿದ್ದ ಹೆಂಗಸೊಬ್ಬಳನ್ನು ಕಂಡರು. ಆಕೆಯ ಮಿದುಳಿನಲ್ಲಿ ಏನಾಗಿತ್ತೆಂಬುದನ್ನು ನೋಡಲು ಆಕೆ 1906ರಲ್ಲಿ ತೀರಿಕೊಳ್ಳುವವರೆಗೆ ಕಾಯಬೇಕಾಯಿತು. 1895ರಲ್ಲಿ ಕಂಡುಹಿಡಿದ ಎಕ್ಸ್ ಕಿರಣವು ಎಲುಬನ್ನು ತೋರಿಸಿತೇ ಹೊರತು ಅದರೊಳಗಿನ ಮೆದುವಾದ ತಿರುಳನ್ನು ತೋರಿಸಲಿಲ್ಲ. ಆ ಕಿರಣವನ್ನೇ ಸುತ್ತ ತಿರುಗಿಸಿ, ಗಣಿತದ ಬಲದಿಂದ ಒಳಗನ್ನು ಹಲ್ಲೆಹಲ್ಲೆಯಾಗಿ ಬಿಡಿಸುವ ಸಿ.ಟಿ. ಯಂತ್ರವನ್ನು 1971ರ ಅಕ್ಟೋಬರಿನಲ್ಲಿ ಲಂಡನ್ನಿನ ರೋಗಿಯೊಬ್ಬಳ ಮೇಲೆ ಮೊದಲು ಪ್ರಯೋಗಿಸಿದರು. ಎಂ.ಆರ್.ಐ. ಬಂದುದು ಅದರ ಅನಂತರ.

ಈ ಎಂ.ಆರ್.ಐ. ಎಂಬುದರ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಏಕೆಂದರೆ ನಮ್ಮ ಜನರು ಅದನ್ನು ಫೋಟೋ ಎಂದೇ ತಿಳಿದಿರುವರು. ದೇಹದ ಬಹುಭಾಗವು ನೀರು. ನೀರಿನ ಪ್ರತಿ ಕಣದಲ್ಲಿಯೂ ಜಲಜನಕವುಂಟು; ಅದರ ಪರಮಾಣುವಿನ ತಿರುಳು ಬುಗುರಿಯಂತೆ ತಿರುಗುವ ಪುಟ್ಟ ಅಯಸ್ಕಾಂತ. ಭೂಮಿಯ ಅಯಸ್ಕಾಂತ ಶಕ್ತಿಗಿಂತ 30,000 ಮಡಿಗೂ ಹೆಚ್ಚು ಬಲವುಳ್ಳ ಕೊಳವೆಯೊಳಗೆ ರೋಗಿಯನ್ನು ಮಲಗಿಸಿದಾಗ ಈ ಬುಗುರಿಗಳು ಆ ಬಲದ ಜಾಡಿಗೆ ಹೊಂದಿಕೊಳ್ಳುವುವು. ಆಗ ರೇಡಿಯೋ ಅಲೆಯಿಂದ ಅವನ್ನು ತುಸು ಓಲಿಸಿ ಬಿಟ್ಟರೆ, ಮರಳಿ ನೆಟ್ಟಗಾಗುವಾಗ ಒಂದು ಕ್ಷೀಣವಾದ ಉತ್ತರವನ್ನು ಕೊಡುವುವು. ಕೊಬ್ಬಿನಲ್ಲಿರುವ ಜಲಜನಕವು ಬೇಗ ಉತ್ತರಿಸುವುದು, ನೀರಿನದು ತಡವಾಗಿ; ಹಾಳಾದ ಭಾಗದ ಉತ್ತರವೇ ಬೇರೆ. ಆ ಉತ್ತರಗಳನ್ನೆಲ್ಲ ಕೂಡಿ ಕಳೆದು ಯಂತ್ರವು ಬಿಳಿ, ಬೂದು, ಕಪ್ಪುಗಳಲ್ಲಿ ಬಿಡಿಸುವುದು. ಕಂಚುಗಾರರ ಅಂಗಡಿಯಂತೆ ಟಣಟಣ ಸದ್ದು ಮಾಡುವ ಆ ಕೊಳವೆಯಲ್ಲಿ ಎಕ್ಸ್ ಕಿರಣದ ಭಯವಿಲ್ಲ. ಆದರೆ ಅಲ್ಲಿಂದ ಹೊರಬರುವುದು ಕಣ್ಣು ಕಂಡ ರೂಪವೂ ಅಲ್ಲ. ನೀರು ಕೊಟ್ಟ ಉತ್ತರದಿಂದ ಯಂತ್ರವು ಊಹಿಸಿದ ರೂಪ. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಪ್ರತ್ಯಕ್ಷವಲ್ಲ, ಅನುಮಾನ; ಅದರಿಂದ ರೋಗವನ್ನು ಹೇಳುವುದು ಅನುಮಾನದ ಮೇಲಣ ಅನುಮಾನ.

ಅನುಮಾನವೆಂದ ಮಾತ್ರಕ್ಕೆ ಅದು ಕೀಳಲ್ಲ. ನಮ್ಮ ವೈದ್ಯಶಾಸ್ತ್ರವು ರೋಗವನ್ನು ಅರಿಯುವುದಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ದಾರಿಗಳನ್ನು ಹೇಳಿದೆ. ಮಾಧವನಿದಾನವನ್ನು ಓದಿದವರಿಗೆ ಇದು ಪರಿಚಿತ. ಇವುಗಳಲ್ಲಿ ಪೂರ್ವರೂಪವೆಂಬುದು ರೋಗವು ಮೈದೋರುವ ಮೊದಲು ಕಳುಹಿಸುವ ಸೂಚನೆ. ಇಂದಿನ ಮಿದುಳಿನ ಚಿತ್ರವು ಅರಸುತ್ತಿರುವುದು ಈ ಪೂರ್ವರೂಪವನ್ನೇ. ಕಿವಿಯ ನೇರಕ್ಕೆ ಮಿದುಳಿನ ಒಳಮಗ್ಗುಲಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಗ್ರೀಕರ ಮಾತಿನಲ್ಲಿ ಹಾಗೆಂದರೆ ಕಡಲಕುದುರೆ. ಹೊಸ ಸಂಗತಿಯನ್ನು ನೆನಪಿಗೆ ಸೇರಿಸುವ ಕೆಲಸದಲ್ಲಿ ಅದಕ್ಕೆ ದೊಡ್ಡ ಪಾಲು. ಮುಪ್ಪಿನಲ್ಲಿ ಆರೋಗ್ಯವಂತರಲ್ಲಿಯೂ ಅದು ವರ್ಷಕ್ಕೆ ನೂರಕ್ಕೆ ಸುಮಾರು 1.5ರಷ್ಟು ಸವೆಯುವುದು, ಆಲ್‌ಝೈಮರ್ ರೋಗಿಗಳಲ್ಲಿ ಸುಮಾರು 4.5ರಷ್ಟು. ಮರೆವು ಹೊರಗೆ ಕಾಣುವ ಮೊದಲೇ ಈ ಸವೆತವು ತೊಡಗಿರುವುದುಂಟು. ಪೆಟ್ ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ, ಅಮೈಲಾಯ್ಡ್ ಎಂಬ ಸಸಾರಜನಕದ ಕಸವು ಮಿದುಳಿನಲ್ಲಿ ಕಟ್ಟಿಕೊಂಡಿರುವುದನ್ನು ಬದುಕಿರುವಾಗಲೇ ಕಾಣಬಹುದು. ಆಲ್‌ಝೈಮರ್ ವೈದ್ಯರು ರೋಗಿಯ ಮರಣವನ್ನು ಕಾದು ಕಂಡ ಕಸವೇ ಇದು.

ಇಲ್ಲಿಯವರೆಗೆ ಸರಿ. ಆದರೆ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ ಯಾವ ಪಾಠಶಾಲೆಯ ವಿದ್ಯಾರ್ಥಿಯೂ ಇಲ್ಲಿ ಒಂದು ಪ್ರಶ್ನೆಯನ್ನು ಕೇಳದೆ ಇರಲಾರನು. ಹೊಗೆಯಿದ್ದಲ್ಲಿ ಬೆಂಕಿಯುಂಟು, ನಿಜ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆ? ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಸಿಯ ಸೌದೆ ಸೇರಿದರೆ ಮಾತ್ರ ಹೊಗೆ ಏಳುವುದು. ಆ ಹಸಿಸೌದೆಯನ್ನು ನಮ್ಮ ತಾರ್ಕಿಕರು ಉಪಾಧಿ ಎಂದರು. ಕಸವು ಬೆಂಕಿ, ಮರೆವು ಹೊಗೆ ಎಂದು ಇಟ್ಟುಕೊಂಡರೆ, ಮಿದುಳಿನಲ್ಲಿ ಕಸ ಕಂಡೊಡನೆ ಈತನು ಮರೆಗುಳಿಯಾಗುವನೆಂದು ತೀರ್ಮಾನಿಸುವುದು ಬೆಂಕಿಯನ್ನು ಕಂಡು ಹೊಗೆಯನ್ನು ಸಾಧಿಸಿದಂತೆ.

ಇದು ಬರಿಯ ಶಾಸ್ತ್ರಾರ್ಥದ ಚಮತ್ಕಾರವೆಂದು ವಾಚಕರು ಭಾವಿಸಬಾರದು. ಅಮೆರಿಕೆಯಲ್ಲಿ ಸ್ನೌಡನ್ ಎಂಬ ವಿದ್ವಾಂಸರು 1986ರಿಂದ ಕ್ರೈಸ್ತ ಸಂನ್ಯಾಸಿನಿಯರ ಮುಪ್ಪನ್ನು ಅಭ್ಯಸಿಸತೊಡಗಿದರು. 678 ಮಂದಿ ಸಂನ್ಯಾಸಿನಿಯರು ವರ್ಷವರ್ಷವೂ ಸ್ಮರಣಪರೀಕ್ಷೆಗೆ ಒಳಗಾಗಿ, ತೀರಿಕೊಂಡ ಮೇಲೆ ಮಿದುಳನ್ನು ದಾನಕೊಡಲು ಒಪ್ಪಿದ್ದರು. ಅವರಲ್ಲಿ ಸಿಸ್ಟರ್ ಮೇರಿ ಎಂಬಾಕೆ 101 ವರ್ಷ ಬಾಳಿ, ಕಡೆಯವರೆಗೂ ಪರೀಕ್ಷೆಗಳಲ್ಲಿ ಚೆನ್ನಾಗಿ ಉತ್ತರಿಸಿದರು. ಮಿದುಳನ್ನು ತೆರೆದು ನೋಡಿದಾಗ ಆಲ್‌ಝೈಮರ್ ರೋಗದ ಕಸವೂ ಗೋಜೂ ಅಲ್ಲಿ ಧಾರಾಳವಾಗಿದ್ದುವು. ಕಬ್ಬಿಣದ ಗುಂಡಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಅನ್ನಂಭಟ್ಟನೂ ಕೊಡಲಾರನು. ಬದುಕಿರುವವರ ಚಿತ್ರಗಳೂ ಇದನ್ನೇ ಹೇಳುವುವು: ನೆನಪು ನೆಟ್ಟಗಿರುವ ಎಪ್ಪತ್ತರ ವಯಸ್ಸಿನವರಲ್ಲಿ ಸುಮಾರು ನಾಲ್ವರಿಗೆ ಒಬ್ಬರ ತಲೆಯಲ್ಲಿ ಈ ಕಸವಿರುವುದು ಕಂಡುಬಂದಿದೆ. ಇನ್ನು ಹಸಿಸೌದೆ ಯಾವುದು? ಆ ಸಂನ್ಯಾಸಿನಿಯರ ಅಭ್ಯಾಸದಿಂದಲೇ 1997ರಲ್ಲಿ ಒಂದು ಉತ್ತರವು ದೊರೆಯಿತು. ಕಸವಿದ್ದವರಲ್ಲಿಯೂ, ಅದರ ಜೊತೆಗೆ ಮಿದುಳಿನ ಆಳದಲ್ಲಿ ರಕ್ತ ಹರಿಯದೆ ಸತ್ತ ಸಣ್ಣ ಸಣ್ಣ ಭಾಗಗಳೂ ಇದ್ದವರಲ್ಲಿ ಬುದ್ಧಿಭ್ರಂಶವು ಬಹಳ ಹೆಚ್ಚಾಗಿ ಕಂಡಿತು. ಆ ಸಣ್ಣ ಗಾಯಗಳು ಹೆಚ್ಚಾಗಿ ಬರುವುದು ರಕ್ತದ ಒತ್ತಡದಿಂದ, ಸಕ್ಕರೆಯ ರೋಗದಿಂದ. ಅವೆರಡಕ್ಕೂ ಮದ್ದು ಕಂಪ್ಲಿಯ ಔಷಧದಂಗಡಿಯಲ್ಲಿಯೇ ದೊರೆಯುವುದು. ದೊಡ್ಡ ಯಂತ್ರಕ್ಕೆ ಸಾಲಮಾಡಿ ಹೋಗುವ ಮನೆಗಳಲ್ಲಿ ಒತ್ತಡದ ಗುಳಿಗೆಯನ್ನು "ಈಗ ಆರಾಮಿದೆ" ಎಂದು ನಡುವೆ ನಿಲ್ಲಿಸಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಗುರುತಿದ್ದೂ ರೋಗವಿಲ್ಲದಿರುವುದು ಹೀಗಾದರೆ, ರೋಗವಿದ್ದೂ ಗುರುತಿಲ್ಲದಿರುವುದಕ್ಕೆ ನಮ್ಮ ಕರ್ಣಾಟಕವೇ ಪ್ರಸಿದ್ಧವಾದ ನಿದರ್ಶನ. ತಲೆಯ ಮೇಲೆ ತಂಬಿಗೆ ತಂಬಿಗೆ ಬಿಸಿನೀರನ್ನು ಎರೆದುಕೊಳ್ಳುವಾಗ ಬರುವ ಅಪಸ್ಮಾರವೊಂದಿದೆ. ಬೆಂಗಳೂರಿನ ಡಾಕ್ಟರ್ ಕೆ. ಎಸ್. ಮಣಿಯವರು 1968ರಲ್ಲಿ ಇದನ್ನು ಕುರಿತು ಬರೆದರು. ನಿಮ್ಹಾನ್ಸ್‌ನ ಡಾಕ್ಟರ್ ಸತೀಶ್ಚಂದ್ರರೂ ಸಂಗಡಿಗರೂ 1988ರಲ್ಲಿ ಇಂತಹ 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ನಮ್ಮ ಅಭ್ಯಂಜನದ ಪದ್ಧತಿಯೊಡನೆ ಹೆಣೆದುಕೊಂಡಿರುವ ಈ ರೋಗದಲ್ಲಿ ಹೆಚ್ಚಿನವರ ಮಿದುಳಿನ ಚಿತ್ರವು ನಿರ್ದೋಷವಾಗಿಯೇ ಇರುವುದು. ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ, ಕೆಲವರು ಅದರ ಜೊತೆಗೆ ಔಷಧವನ್ನು ಸೇವಿಸಿದರೆ, ಬಹುಪಾಲು ಹತೋಟಿಗೆ ಬರುವುದು. ಆದರೆ ಹೊಸದಾಗಿ ಬಂದ ಸೊಸೆಗೆ ಬಚ್ಚಲಿನಲ್ಲಿ ಹೀಗಾಗಿ, ಚಿತ್ರದಲ್ಲಿ ಏನೂ ಕಾಣಲಿಲ್ಲವೆಂದಾದರೆ, ಆ ಮನೆಯಲ್ಲಿ ಹುಟ್ಟುವ ಮಾತು ಯಾವುದು? "ಚಿತ್ರದಾಗ ಏನೂ ಇಲ್ಲಂತ, ಎಲ್ಲಾ ಸೋಗು." ನಿರ್ದೋಷವಾದ ಚಿತ್ರವೇ ಒಬ್ಬಳ ಮೇಲೆ ದೋಷಾರೋಪಣೆಯಾಗುವುದು.

ಚಿತ್ರವು ಮಾಡಿದ ಉಪಕಾರವನ್ನು ಮರೆತು ಬರೆಯುವುದು ಅನ್ಯಾಯ. ಮಕ್ಕಳಿಗೆ ಮೂರ್ಛೆ ಬಂದರೆ ಗಾಳಿ, ಗ್ರಹ, ದೇವರು ಎಂದು ಊರೂರು ತಿರುಗುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಅಂತಹ ಅನೇಕ ಮಕ್ಕಳ ತಲೆಯ ಚಿತ್ರದಲ್ಲಿ ಕಡಲೆಗಿಂತ ಸಣ್ಣದಾದ ಒಂದು ಚುಕ್ಕೆ ಕಂಡಿತು. ಮೊದಲು ಅದನ್ನು ಕ್ಷಯದ ಗಂಟೆಂದು ತಿಳಿದು ತಿಂಗಳುಗಟ್ಟಲೆ ಅದಕ್ಕೇ ಔಷಧ ಕೊಡುತ್ತಿದ್ದರು. ವೇಲೂರಿನ ವೈದ್ಯರು ಅದು ಲಾಡಿಹುಳುವಿನ ಮರಿಗೂಡೆಂದೂ, ಬಹಳ ಸಲ ತಾನಾಗಿಯೇ ಕರಗಿಹೋಗುವುದೆಂದೂ ತೋರಿಸಿಕೊಟ್ಟರು. ಕೊಳಕು ನೀರಿನಿಂದ, ಸರಿಯಾಗಿ ತೊಳೆಯದ ಹಸಿತರಕಾರಿಯಿಂದ ಬರುವ ಈ ಹುಳುವಿನ ಮೊಟ್ಟೆ ಮಾಂಸವನ್ನು ಮುಟ್ಟದವರ ಮನೆಗೂ ಹೋಗುವುದು. ಎಷ್ಟು ಮಕ್ಕಳ ಮೇಲಿಂದ ದೆವ್ವದ ಹೆಸರು ಇಳಿಯಿತು! ಇಲ್ಲಿ ಗುರುತಿಗೂ ರೋಗಕ್ಕೂ ನಂಟು ಬಿಗಿಯಾಗಿದೆ, ಮಾಡತಕ್ಕ ಕಾರ್ಯವೂ ಸ್ಪಷ್ಟವಾಗಿದೆ. ಆದಕಾರಣ ಇಲ್ಲಿ ಚಿತ್ರವನ್ನು ಬೇಡವೆನ್ನುವವನು ಮೂರ್ಖನು.

ನಮ್ಮ ನೆರೆಯ ಸಂಡೂರಿನ ಬೆಟ್ಟಗಳ ಪ್ರಸಂಗವು ಇನ್ನೂ ಸೂಕ್ಷ್ಮವಾದುದು. ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮ್ಯಾಂಗನೀಸಿನ ಅದಿರನ್ನು ತೆಗೆಯುತ್ತ ಬಂದಿರುವರು. ಈ ಲೋಹವು ಅಲ್ಪ ಪ್ರಮಾಣದಲ್ಲಿ ದೇಹಕ್ಕೆ ಬೇಕಾದುದೇ. ಅದರ ಧೂಳನ್ನೋ ಹೊಗೆಯನ್ನೋ ಬಹುಕಾಲ ಅಧಿಕವಾಗಿ ಸೇವಿಸಿದವರಿಗೆ ಮಾತ್ರ ನಡಿಗೆ ತೊಡರಿ, ಧ್ವನಿ ಕುಗ್ಗಿ, ಮುಖದ ಚಲನೆ ತಗ್ಗುವ ರೋಗವು ಬರಬಹುದೆಂದು ಸ್ಕಾಟ್ಲೆಂಡಿನ ಕೂಪರ್ ಎಂಬ ವೈದ್ಯರು 1837ರಲ್ಲಿಯೇ, ಅದಿರನ್ನು ಪುಡಿಮಾಡುವ ಕೂಲಿಗಳನ್ನು ನೋಡಿ ಬರೆದರು. ಪಾರ್ಕಿನ್ಸನ್ನರು 1817ರಲ್ಲಿ ವರ್ಣಿಸಿದ ಕಂಪವಾತಕ್ಕೆ ಇದು ಹೋಲುವುದು, ಆದರೆ ಅದೇ ಅಲ್ಲ. ಪಾರ್ಕಿನ್ಸನ್ ರೋಗದಲ್ಲಿ ಸಾಮಾನ್ಯವಾದ ಎಂ.ಆರ್.ಐ. ಹೆಚ್ಚಾಗಿ ಏನನ್ನೂ ತೋರಿಸದು. ಮ್ಯಾಂಗನೀಸು ಸೇರಿದವರಲ್ಲಾದರೋ ಮಿದುಳಿನ ಆಳದ ಗ್ಲೋಬಸ್ ಪ್ಯಾಲಿಡಸ್ ಎಂಬ ಸಣ್ಣ ಗಂಟು ದೀಪ ಹಚ್ಚಿದಂತೆ ಬೆಳ್ಳಗೆ ಹೊಳೆಯುವುದು. ಎಂತಹ ಸ್ಪಷ್ಟವಾದ ಗುರುತು! ಆದರೆ ಲೋಹದ ಹೊಗೆಯಲ್ಲಿ ಕೆಲಸಮಾಡುವ ಬೆಸುಗೆಗಾರರಲ್ಲಿ ಯಾವ ರೋಗವೂ ಇಲ್ಲದವರಲ್ಲಿಯೂ ಈ ಹೊಳಪು ಕಂಡಿದೆ. ಯಕೃತ್ತು ಕೆಟ್ಟವರಲ್ಲಿಯೂ ಕಾಣುವುದು, ಏಕೆಂದರೆ ಈ ಲೋಹವನ್ನು ಹೊರಹಾಕುವುದು ಯಕೃತ್ತಿನ ಕೆಲಸ. ಕೆಲಸ ಬಿಟ್ಟು ಆರು ತಿಂಗಳೋ ವರ್ಷವೋ ಆದ ಮೇಲೆ ಹೊಳಪು ಅಳಿಯುವುದು. ರೋಗ ಬಂದಿದ್ದರೆ ಅದು ಉಳಿದುಕೊಳ್ಳುವುದು. ಅಂದರೆ ಈ ಗುರುತು ಹೇಳುವುದು ಲೋಹವು ಒಳಕ್ಕೆ ಹೋಗಿದೆ ಎಂಬಷ್ಟನ್ನೇ. ಈಗ ಯೋಚಿಸಿರಿ: ಇಂತಹ ಕೆಲಸಗಾರನೊಬ್ಬನ ಚಿತ್ರವು ಧಣಿಯ ಮೇಜಿನ ಮೇಲೆ ಮೊದಲು ಬಿದ್ದರೆ, ಹೊಳಪು ಇದ್ದವನು ರೋಗಿಯೆಂದು ಕೆಲಸ ಕಳೆದುಕೊಳ್ಳಬಹುದು, ಹೊಳಪು ಅಳಿದ ನಿಜವಾದ ರೋಗಿಯು ಸೋಗುಗಾರನೆಂದು ಪರಿಹಾರವನ್ನು ಕಳೆದುಕೊಳ್ಳಬಹುದು. ಗುರುತೊಂದೇ, ಅನ್ಯಾಯ ಎರಡು.

ಗುರುತಿಗೂ ರೋಗಕ್ಕೂ ಇರುವ ಈ ನಂಟನ್ನೇ ನಮ್ಮವರು ವ್ಯಾಪ್ತಿ ಎಂದರು. ಹೊಗೆ-ಬೆಂಕಿಗಳ ವ್ಯಾಪ್ತಿಯನ್ನು ನಾವು ಕಲಿಯುವುದು ಅಡುಗೆಮನೆಯಲ್ಲಿ. ಮಿದುಳಿನ ವಿಷಯದಲ್ಲಿ ಆ ಅಡುಗೆಮನೆಯು ಇದುವರೆಗೆ ಹೆಚ್ಚಾಗಿ ಯೂರೋಪು ಅಮೆರಿಕೆಗಳಲ್ಲಿತ್ತು. ಅವರ ತಲೆಯ ಅಳತೆಯಿಂದ ನಮ್ಮ ತಲೆಯ ಸವೆತವನ್ನು ತೂಗುತ್ತಿದ್ದರು. 2019ರಲ್ಲಿ ಹೈದರಾಬಾದಿನ ವಿದ್ವಾಂಸರು ಭಾರತೀಯರ ಮಿದುಳಿನ ಮಾದರಿ ನಕ್ಷೆಯನ್ನು ಸಿದ್ಧಪಡಿಸಿದಾಗ, ಪಾಶ್ಚಾತ್ಯ ಮಾದರಿಗಿಂತ ನಮ್ಮದು ಸರಾಸರಿಯಲ್ಲಿ ಚಿಕ್ಕದೆಂಬುದು ಕಂಡಿತು. ಚಿಕ್ಕದೆಂದರೆ ಕುಂದಲ್ಲ, ಅಳತೆಗೋಲು ಬೇರೆ, ಅಷ್ಟೇ. ಆದರೆ ಪರರ ಗೋಲಿನಲ್ಲಿ ಅಳೆದರೆ ಆರೋಗ್ಯವೇ ರೋಗದಂತೆ ತೋರಬಹುದಲ್ಲವೆ? ಈ ಕೊರತೆಯನ್ನು ತುಂಬುವ ಒಂದು ಯತ್ನವು ನಮ್ಮ ನಾಡಿನಲ್ಲಿಯೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ಹಲವು ವರ್ಷಗಳ ಕಾಲ ಹಿಂಬಾಲಿಸಿ, ರಕ್ತ, ಸ್ಮರಣೆ, ಮಿದುಳಿನ ಚಿತ್ರ ಮೊದಲಾದುವನ್ನು ಪರೀಕ್ಷಿಸುವ ಸಂಕಲ್ಪವನ್ನು ಕೈಗೊಂಡಿರುವರು. ಮಾವಿನ ತೋಪಿನ ಆ ರೈತರು ತಮಗೆ ಇಂದು ಏನೂ ಲಾಭವಿಲ್ಲದಿದ್ದರೂ ಮೊಮ್ಮಕ್ಕಳ ಕಾಲಕ್ಕೆ ತಲೆಯೊಡ್ಡಿರುವರು. ಇದು ನಿಜವಾದ ದಾನ. ಪತ್ರಿಕೆಗಳಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಸ್ಥಳ ಸಿಕ್ಕಿಲ್ಲ.

ಇನ್ನು ಎರಡನೆಯ ಪ್ರಶ್ನೆ. ನನಗೆ ಆಪ್ತರಾದ ಒಬ್ಬರು ಕಂಪ್ಲಿಯ ಅಕ್ಕಿಯ ಗಿರಣಿಯೊಂದರಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು. ಪ್ರಾಯದಲ್ಲಿ ಬಯಲಾಟದಲ್ಲಿ ಕುಮಾರರಾಮನ ಪಾತ್ರವನ್ನು ಕಟ್ಟಿ ಹೆಸರಾದವರು. ಮೂರು ನಾಲ್ಕು ವರ್ಷಗಳ ಹಿಂದೆ ಮಾತಿನ ನಡುವೆ ಪದಕ್ಕೆ ತಡಕಾಡತೊಡಗಿದರು. ಮಕ್ಕಳು ಬೆಂಗಳೂರಿಗೆ ಕರೆದೊಯ್ದು ದೊಡ್ಡ ಆಸ್ಪತ್ರೆಯೊಂದರಲ್ಲಿ ಚಿತ್ರ ತೆಗೆಸಿದರು. ವೈದ್ಯರು ಮಕ್ಕಳನ್ನು ಪಡಸಾಲೆಗೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ತಂದೆಯು ಬೆಂಚಿನ ಮೇಲೆ ಕುಳಿತಿದ್ದರು. "ಏನಿಲ್ಲಪ್ಪಾ, ವಯಸ್ಸಿನ ಮರೆವು ಅಂದ್ರು" ಎಂದು ಮಕ್ಕಳು ಹೇಳಿದರು. ಪ್ರೀತಿಯಿಂದಲೇ ಹೇಳಿದರು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಊರಿಗೆ ಬಂದ ವಾರದಲ್ಲಿಯೇ ತಿಜೋರಿಯ ಬೀಗದ ಕೈ ಅವರ ಉಡಿದಾರದಿಂದ ಇಳಿಯಿತು. ಗದ್ದೆಯ ಗುತ್ತಿಗೆದಾರನು ಅವರನ್ನು ದಾಟಿ ಮಗನೊಡನೆ ಮಾತಾಡಿದನು. ಅವರ ಎದುರಿನಲ್ಲಿಯೇ ಅವರ ವಿಷಯವನ್ನು, ಅವರು ಅಲ್ಲಿಲ್ಲವೆಂಬಂತೆ, ಆಡತೊಡಗಿದರು. ಹಾಲಿನವನ ತಿಂಗಳ ಲೆಕ್ಕದಲ್ಲಿದ್ದ ತಪ್ಪನ್ನು ಅವರು ಬಾಯಲ್ಲಿಯೇ ಕೂಡಿ ತೋರಿಸಿದರೆ, "ನೋಡ್ರಿ, ಒಂದೊಂದು ಸಲ ಎಷ್ಟು ಚೆನ್ನಾಗಿ ನೆನಪಿರ್ತದ" ಎಂದು ಸೊಸೆಯು ಕೊಂಡಾಡಿದಳು. ನಲವತ್ತು ವರ್ಷದ ಕಸುಬು ಒಂದು ದಿನದಲ್ಲಿ ಆಕಸ್ಮಿಕವಾಯಿತು! ರೋಗವು ಇನ್ನೂ ಹೊಸ್ತಿಲಲ್ಲಿತ್ತು. ಚಿತ್ರವು ಅದಕ್ಕಿಂತ ಮುಂಚೆ ಒಳಮನೆಯನ್ನು ಸೇರಿತ್ತು.

ಒಂದು ಸಂಜೆ ಅವರು ಆ ಕಪ್ಪು ಹಾಳೆಗಳ ಚೀಲವನ್ನು ಹಿಡಿದು ನನ್ನ ಮನೆಗೆ ಬಂದರು. "ಮೇಷ್ಟ್ರೇ, ನೀವು ಓದಿದೋರು. ಇದರಾಗ ಏನೈತಿ, ನನಗ ಹೇಳ್ರಿ" ಎಂದರು. ಅದನ್ನು ಹೇಳತಕ್ಕವನು ನಾನಲ್ಲ, ನಿಮ್ಮ ಮಗನೇ ಹೇಳಲಿ, ಜೊತೆಗೆ ನಾನೂ ಕುಳಿತಿರುವೆನು ಎಂದೆನು. ಯುಗಾದಿಗೆ ಬಂದ ಹಿರಿಯ ಮಗನು ನನ್ನ ಎದುರಿನಲ್ಲಿಯೇ ಎಲ್ಲವನ್ನೂ ಹೇಳಿದನು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಎಷ್ಟು ದಿನ ಐತಿ?" ಎಂದು ಕೇಳಿದರು. ವೈದ್ಯರಿಗೂ ಅದು ತಿಳಿಯದೆಂದು ಮಗನು ಹೇಳಿದನು. ಮರುದಿನದಿಂದ ಅವರು ಒಂದು ಹಳೆಯ ಖಾತೆಪುಸ್ತಕವನ್ನು ತೆಗೆದು ಬರೆಯಲಾರಂಭಿಸಿದರು: ಯಾರಿಂದ ಬರಬೇಕು, ಯಾರಿಗೆ ಕೊಡಬೇಕು, ಕಾಲುವೆಯ ಕೆಳಗಿನ ಗದ್ದೆ ಯಾರಿಗೆ. ರಾಮಸಾಗರದ ರೈತನೊಬ್ಬನಿಂದ ಕಾಗದವಿಲ್ಲದೆ, ಬರಿಯ ಬಾಯಿಮಾತಿನ ಮೇಲೆ ಎಂದೋ ತಂದ ಹಣವೊಂದಿತ್ತು. ರೈತನು ತೀರಿಕೊಂಡಿದ್ದನು; ಅವನ ಮಕ್ಕಳಿಗೆ ಅದರ ಸುಳಿವೂ ಇರಲಿಲ್ಲ. ಅದನ್ನು ಕರೆದು ಕೊಟ್ಟರು. ಆ ಸಾಲವು ಇದ್ದುದು ಜಗತ್ತಿನಲ್ಲಿ ಒಂದೇ ಸ್ಥಳದಲ್ಲಿ, ಅವರ ನೆನಪಿನಲ್ಲಿ. ಮಕ್ಕಳ ಸುಳ್ಳು ಇನ್ನೆರಡು ವರ್ಷ ನಡೆದಿದ್ದರೆ ಆ ಋಣವು ನೆನಪಿನೊಡನೆಯೇ ಕರಗಿಹೋಗುತ್ತಿತ್ತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನನ್ನ ಪಕ್ಷವು ಗೆದ್ದಂತೆ ತೋರಬಹುದು. ಆದರೆ ಅವರ ಹೆಂಡತಿಯ ಮಾತನ್ನು ಮುಚ್ಚಿಡುವುದು ಧರ್ಮವಲ್ಲ. "ಹೇಳದೇ ಇದ್ದಿದ್ರೆ ಇನ್ನೆರಡು ವರ್ಷ ನಕ್ಕೋತ ಇರ್ತಿದ್ದರು, ಮೇಷ್ಟ್ರೇ. ಅವತ್ತಿಂದ ಅವರು ನಕ್ಕದ್ದು ನಾ ಕಾಣೆ" ಎಂದು ಆಕೆ ಹೇಳಿದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ತಿಳಿವಳಿಕೆಗೆ ಬೆಲೆಯುಂಟು, ಆ ಬೆಲೆಯನ್ನು ತೆತ್ತವರು ಅವರಿಬ್ಬರು, ನಾನಲ್ಲ.

ಹೇಳಬಾರದೆನ್ನುವವರು ಚರಕನನ್ನು ಸಾಕ್ಷಿಗೆ ಕರೆಯುವರು. ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗುರುವು ಶಿಷ್ಯನಿಗೆ ವಿಧಿಸುವ ನಿಯಮಗಳಲ್ಲಿ ಒಂದು ಹೀಗಿದೆ: ರೋಗಿಯ ಆಯುಸ್ಸು ಕುಂದಿರುವುದು ತಿಳಿದಿದ್ದರೂ, ಹೇಳಿದರೆ ರೋಗಿಗಾಗಲಿ ಇನ್ನೊಬ್ಬರಿಗಾಗಲಿ ಆಘಾತವಾಗುವಲ್ಲಿ ಅದನ್ನು ಹೇಳಕೂಡದು. ಸರಿ. ಆದರೆ ಆ ನಿಯಮವನ್ನು ಪೂರ್ತಿಯಾಗಿ ಓದಬೇಕು. ರೋಗಿಗೆ ಹೇಳಬೇಡ, ಮಗನಿಗೆ ಹೇಳು ಎಂದು ಚರಕನು ಎಲ್ಲಿ ಹೇಳಿದ್ದಾನೆ? ಇನ್ನೊಬ್ಬರ ಆಘಾತವನ್ನೂ ಆತನು ಎಣಿಸಿದ್ದಾನೆ. ರೋಗಿಯ ಮನೆಯ ಸಂಗತಿಯನ್ನು ಹೊರಗೆ ಹರಡಬಾರದೆಂಬ ಮಾತೂ ಅಲ್ಲಿಯೇ ಇದೆ. ಆತನು ವಿಧಿಸಿದ್ದು ಮೌನ. ನಾವು ನಡೆಸುತ್ತಿರುವುದು ಮೌನವಲ್ಲ. ತಲೆಯ ಒಡೆಯನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲರಿಗೂ ಸುದ್ದಿ ಹಂಚುವುದು. ಚರಕನ ಕಾಲದ ವೈದ್ಯನು ಮೌನವಾಗಿದ್ದರೆ ರೋಗಿಯ ಬೀಗದ ಕೈ ರೋಗಿಯ ಸೊಂಟದಲ್ಲಿಯೇ ಉಳಿಯುತ್ತಿತ್ತು.

ತಲೆಯೊಳಗನ್ನು ನೋಡುವ ಅಧಿಕಾರವು ಯಾರದೆಂಬ ಪ್ರಶ್ನೆಯು ನ್ಯಾಯಾಲಯಕ್ಕೂ ಹೋದುದುಂಟು, ಅದೂ ನಮ್ಮ ರಾಜ್ಯದ ಹೆಸರಿನಲ್ಲಿ. ಸೆಲ್ವಿ ಎಂಬವರಿಗೂ ಕರ್ನಾಟಕ ಸರ್ಕಾರಕ್ಕೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಅಪರಾಧದ ಆಪಾದನೆಗೆ ಒಳಗಾದವರ ಮೇಲೆಯೂ ಅವರ ಒಪ್ಪಿಗೆಯಿಲ್ಲದೆ ಮಿದುಳಿನ ವಿದ್ಯುತ್ತನ್ನು ಅಳೆಯುವ ಪರೀಕ್ಷೆಯನ್ನಾಗಲಿ, ಮಂಪರಿನ ಪರೀಕ್ಷೆಯನ್ನಾಗಲಿ ನಡೆಸಕೂಡದೆಂದು ತೀರ್ಪಿತ್ತಿತು. ಅಲ್ಲಿನ ಪರೀಕ್ಷೆ ಬೇರೆ, ಉದ್ದೇಶ ಬೇರೆ, ನಾನು ಬಲ್ಲೆ. ಆದರೂ ಕೇಳಬೇಕೆನಿಸುವುದು: ಆಪಾದಿತನಿಗೆ ಸಲ್ಲುವ ಮರ್ಯಾದೆಯು ನಿರಪರಾಧಿಯಾದ ಮುದುಕನಿಗೆ ಸಲ್ಲಬೇಡವೆ? "ಸುಮ್ಮನೆ ಮಲಗಪ್ಪಾ, ಫೋಟೋ ತೆಗೀತಾರೆ" ಎಂದು ಹೇಳಿ ಕೊಳವೆಗೆ ದೂಡುವುದು ಒಪ್ಪಿಗೆಯೆ?

ಮದ್ದಿಲ್ಲದ ರೋಗವನ್ನು ಮುಂದಾಗಿ ತಿಳಿದು ಫಲವೇನು ಎಂಬ ಆಕ್ಷೇಪವು ಗಟ್ಟಿಯಾದುದೇ. 2023ರಲ್ಲಿ ಅಮೆರಿಕೆಯು ಅಮೈಲಾಯ್ಡ್ ಕಸವನ್ನು ತೊಳೆಯುವ ಲೆಕನೆಮಾಬ್ ಎಂಬ ಔಷಧಕ್ಕೆ ಪೂರ್ಣಾನುಮತಿ ಕೊಟ್ಟಿತು. ಹದಿನೆಂಟು ತಿಂಗಳ ಪರೀಕ್ಷೆಯಲ್ಲಿ ಅದು ಇಳಿಜಾರಿನ ವೇಗವನ್ನು ನೂರಕ್ಕೆ 27ರಷ್ಟು ತಗ್ಗಿಸಿತು. ಹೋದ ನೆನಪು ಅದರಿಂದ ಮರಳದು. ಮಿದುಳು ಬಾತುಕೊಳ್ಳುವ, ರಕ್ತ ಒಸರುವ ಭಯವಿರುವುದರಿಂದ ಮತ್ತೆ ಮತ್ತೆ ಚಿತ್ರವನ್ನು ತೆಗೆಸುತ್ತಿರಬೇಕು. ಇನ್ನು ಏನೂ ತೊಂದರೆಯಿಲ್ಲದವರು ಕುತೂಹಲಕ್ಕಾಗಿ ಚಿತ್ರ ತೆಗೆಸಿಕೊಂಡರೆ ಬೇರೆಯೇ ಗೋಳು. ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ 2,000 ಜನರ ಚಿತ್ರವನ್ನು ನೋಡಿ 2007ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ 7.2 ಜನರಲ್ಲಿ ಅವರಿಗೇ ತಿಳಿಯದೆ ಆಗಿಹೋದ ರಕ್ತತಡೆಯ ಗಾಯವೂ, 1.8 ಜನರಲ್ಲಿ ಉಬ್ಬಿದ ರಕ್ತನಾಳವೂ, 1.6 ಜನರಲ್ಲಿ ಸೌಮ್ಯವಾದ ಗಂಟೂ ಕಂಡುವು. ಅವುಗಳಲ್ಲಿ ಅನೇಕವು ಆಯುಷ್ಯವಿಡೀ ಸುಮ್ಮನಿದ್ದು ಚಿತೆಯವರೆಗೂ ಜೊತೆಗೆ ಬರತಕ್ಕವು. ಕಂಡ ದಿನದಿಂದ ಮಾತ್ರ ನಿದ್ದೆಯನ್ನು ಕೆಡಿಸುವುವು. ಆದುದರಿಂದ ಹೇಳಲು ತೊಂದರೆಯೊಂದಿದ್ದು, ಚಿತ್ರದಿಂದ ಮಾಡತಕ್ಕ ಕಾರ್ಯವೊಂದು ಹುಟ್ಟುವಂತಿದ್ದರೆ ಮಾತ್ರ ಅದನ್ನು ತೆಗೆಸಬೇಕೆಂದು ನನ್ನ ಅಭಿಪ್ರಾಯ. ಕಾರ್ಯವೆಂದರೆ ಔಷಧವೇ ಆಗಬೇಕಿಲ್ಲ. ರಾಮಸಾಗರದ ಸಾಲವನ್ನು ತೀರಿಸುವುದೂ ಕಾರ್ಯವೇ. ಮತ್ತು ಆ ಕಾರ್ಯವನ್ನು ಮಾಡಬೇಕಾದವನು ಯಾವನೋ, ಸುದ್ದಿಯು ಮೊದಲು ಅವನಿಗೆ ಸಲ್ಲಬೇಕು, ಅವನಿಗೆ ತಿಳಿಯುವ ಮಾತಿನಲ್ಲಿ. ಕೇಳಲು ಇಷ್ಟವಿಲ್ಲವೆಂದು ಅವನೇ ಹೇಳಿದರೆ ಆ ಮಾತನ್ನೂ ನಡೆಸಬೇಕು; ಆದರೆ ಹಾಗೆನ್ನುವ ಅಧಿಕಾರವು ಅವನದು.

ಚಿತ್ರದ ವರದಿಗಳ ಕೊನೆಯಲ್ಲಿ ಅನೇಕ ವೇಳೆ ಒಂದು ವಾಕ್ಯವಿರುವುದನ್ನು ವಾಚಕರು ಗಮನಿಸಿರಬಹುದು: ರೋಗಿಯ ಸ್ಥಿತಿಯೊಡನೆ ಹೋಲಿಸಿ ನೋಡತಕ್ಕದ್ದು ಎಂದು ಅದರ ಅರ್ಥ. ಮನೆಯವರು ಆ ಸಾಲನ್ನು ಓದುವುದೇ ಇಲ್ಲ. ಗಿರಣಿಯ ನನ್ನ ಗೆಳೆಯರ ಹೊಸ ಚಿತ್ರವನ್ನು ಕಳೆದ ವರ್ಷ ತೆಗೆಸಿದರು. ಮೊದಲಿನದಕ್ಕಿಂತ ಸವೆತ ಹೆಚ್ಚಾಗಿದೆಯಂತೆ. ಈಗ ಅವರು ಕೆಲವು ದಿನ ಮಗನ ಹೆಸರನ್ನೂ ಮರೆಯುವರು. ಆದರೆ ಮದ್ದಲೆಯ ಗತ್ತನ್ನು ಮೇಜಿನ ಮೇಲೆ ಬೆರಳಿನಿಂದ ನುಡಿಸಿದರೆ ಸಾಕು, ಕುಮಾರರಾಮನ ಪದವನ್ನು ಎತ್ತಿಕೊಂಡು ಕೊನೆಯವರೆಗೆ ತಪ್ಪಿಲ್ಲದೆ ಹೇಳುವರು. ಕೈಯೂ ಕತ್ತಿ ಹಿಡಿದಂತೆ ಏಳುವುದು. ಇದು ಯಾವ ಹಾಳೆಯಲ್ಲಿ ಬಿದ್ದಿದೆಯೋ ನನಗೆ ಸಿಕ್ಕಲಿಲ್ಲ.

ನನಗೂ ಅರುವತ್ತು ದಾಟಿ ಕೆಲವು ವರ್ಷಗಳಾದುವು. ಅಮರಕೋಶದ ವನೌಷಧಿವರ್ಗದಲ್ಲಿ ಈಚೆಗೆ ಒಂದೆರಡು ಕಡೆ ನಾಲಿಗೆ ನಿಲ್ಲುವುದುಂಟು. ಬೆಂಗಳೂರಿನಲ್ಲಿರುವ ಮಗನು ಒಮ್ಮೆ ಬಂದು ತೋರಿಸಿಕೊಳ್ಳಿರೆಂದು ಒತ್ತಾಯಿಸುತ್ತಿದ್ದಾನೆ. ಬರುವೆನೆಂದು ಒಪ್ಪಿ ಅವನಿಗೆ ಕಾಗದವನ್ನು ಬರೆದಿದ್ದೇನೆ: ಮೊದಲು ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ನೋಡಲಿ, ವೈದ್ಯರು ಬೇಕೆಂದರೆ ಚಿತ್ರವನ್ನೂ ತೆಗೆಯಲಿ, ಏನು ಕಂಡರೂ ಮೊದಲು ನನಗೆ, ಕನ್ನಡದಲ್ಲಿ, ನೀನು ಪಕ್ಕದಲ್ಲಿರುವಾಗ ಹೇಳಲಿ, ನಾನು ತಿಳಿಯಲಾರದ ಸ್ಥಿತಿಯಲ್ಲಿದ್ದರೆ ನಿನ್ನ ತಾಯಿಗೆ, ಆಮೇಲೆ ನಿನಗೆ. ಕಾಗದ ಮುಟ್ಟಿತೆಂದೂ, ಹಾಗೆಯೇ ಮಾಡುವೆನೆಂದೂ ಉತ್ತರ ಬಂದಿದೆ. ಅಮ್ಮನಿಗೆ ಇದನ್ನು ಓದಿ ಹೇಳಿದಿರಾ ಎಂದು ಕೆಳಗೆ ಒಂದು ಸಾಲು ಕೇಳಿದ್ದಾನೆ. ಇನ್ನೂ ಓದಿಲ್ಲ, ಈ ಸಂಚಿಕೆ ಮನೆಗೆ ಬಂದಾಗ ಆಕೆ ತಾನೇ ಓದುವಳು.